ಸಂಜೆ ಎದ್ದೇಳುವ ಕಲ್ಲು

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಆಗ ನಾನು ಜಯನಗರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡುತ್ತಿದ್ದೆ. ವಯಸ್ಸು ಇಪ್ಪತ್ತೇಳು. ಎಂ.ಎ. ಓದುವಾಗ ಒಂದು ವರ್ಷ ಶಾಸನಗಳನ್ನು ಓದುವುದು ಕಲಿತಿದ್ದೆ. ಹಾಗಾಗಿ ಕಲ್ಲು, ಲಿಪಿ, ಕಾಲ ಇವುಗಳ ವಿಷಯದಲ್ಲಿ ನನ್ನಷ್ಟು ತಿಳಿದವರು ಸುತ್ತಮುತ್ತ ಯಾರೂ ಇಲ್ಲ ಎಂಬ ಧಿಮಾಕು ಇತ್ತು. ಧಿಮಾಕು ಅನ್ನುವುದು ನಮ್ಮಮ್ಮನ ಮಾತು. ನನ್ನ ಭಾಷೆಯಲ್ಲಿ ಅದು ಆಸಕ್ತಿ.

ನಮ್ಮ ಶಾಲೆಯ ಆಯಾ ಒಂದು ದಿನ ಬೋರ್ಡು ಒರೆಸುತ್ತಾ ನಿಂತವಳು, ನಾನು ವೀರಗಲ್ಲಿನ ಪಾಠ ಮಾಡುವುದನ್ನು ಕೇಳಿಸಿಕೊಂಡು, "ಮಿಸ್, ನಮ್ಮೂರಲ್ಲೂ ಅಂಥದ್ದೊಂದು ಕಲ್ಲೈತೆ. ಕತ್ತಿ ಹಿಡ್ಕಂಡವ್ನೆ. ಕೆಳಗೆ ಹಸುಗಳವೆ. ಏನೋ ಬರ್ದವ್ರೆ" ಅಂದಳು. ಅವಳ ಊರು ಜರಗನಹಳ್ಳಿಯಿಂದ ಆಚೆ, ಕನಕಪುರ ರಸ್ತೆ ಬಿಟ್ಟು ಒಳಗೆ ನಡೆಯಬೇಕಾದ ಸಣ್ಣ ಹಳ್ಳಿ. ವೀರಗಲ್ಲು ಅಂದರೆ ಊರಿಗಾಗಿ, ಹಸುಗಳಿಗಾಗಿ ಹೊಡೆದಾಡಿ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲು. ಮನೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದಲ್ಲಿ ಅಂಥದ್ದೊಂದು ಇದೆ, ಅದೂ ಬರಹವಿರುವಂಥದ್ದು, ಯಾರೂ ಓದಿಲ್ಲ! ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಯುಗಾದಿ ಕಳೆದು ಬೇಸಿಗೆ ರಜಾ ಬಂದ ಮೊದಲ ಭಾನುವಾರವೇ ಆಯಾಳನ್ನು ಕರೆದುಕೊಂಡು ಹೊರಟೆ. ಬಸ್ಸಿಳಿದರೆ ಎರಡೂ ಕಡೆ ಉತ್ತು ಬಿಟ್ಟ ರಾಗಿ ಹೊಲ. ಹೊಲದ ಮಧ್ಯೆ ಮಧ್ಯೆ ಹೊಸ ಬಡಾವಣೆಯ ಸರ್ವೆ ಕಲ್ಲುಗಳು, ಅವುಗಳ ಮೇಲೆ ಬಿಳಿ ಬಣ್ಣದಲ್ಲಿ ನಂಬರು. ಮುಂದೊಂದು ದಿನ ನನ್ನ ವಿದ್ಯಾರ್ಥಿನಿಯೊಬ್ಬಳು ಅವನ್ನು ನೋಡಿ, "ಮಿಸ್, ಇದೂ ಶಾಸನಾನಾ?" ಎಂದು ಕೇಳಿದ್ದಳು. ಆಗ ನಕ್ಕಿದ್ದೆ. ಈಗ ಯೋಚಿಸಿದರೆ ಅವಳು ಕೇಳಿದ್ದು ಅಷ್ಟೇನೂ ತಪ್ಪಲ್ಲ.

ಕಲ್ಲು ಒಂದು ಮನೆಯ ಹಿತ್ತಲಿಗೆ ಹೊಂದಿಕೊಂಡ ಹುಣಸೆ ಮರದ ಪಕ್ಕ, ದಕ್ಷಿಣಕ್ಕೆ ಮುಖ ಮಾಡಿ ನಿಂತಿತ್ತು. ನನ್ನ ಎದೆಯೆತ್ತರ. ಆದರೆ ಕತ್ತಿಯೂ ಇಲ್ಲ, ಹಸುವೂ ಇಲ್ಲ. ಮೇಲಿಂದ ಕೆಳಗಿನವರೆಗೆ ದಪ್ಪಗೆ ಸುಣ್ಣ ಬಳಿದಿದ್ದರು! ಯುಗಾದಿಗೆ ಹೊಸದಾಗಿ ಬಳಿದದ್ದು, ಬಿಸಿಲಿಗೆ ಕಣ್ಣು ಕುಕ್ಕುತ್ತಿತ್ತು. ನನಗೆ ಅಳು ಬರುವಷ್ಟು ಸಿಟ್ಟು ಬಂತು. ಎಂಟೊಂಬತ್ತು ನೂರು ವರ್ಷದ ಕಲ್ಲಿಗೆ ದನದ ಕೊಟ್ಟಿಗೆಗೆ ಬಳಿಯುವ ಹಾಗೆ ಸುಣ್ಣ ಬಳಿಯುತ್ತಾರಲ್ಲ ಎಂದು ಆಯಾಳ ಮುಂದೆ ಕೂಗಾಡಿದೆ.

ಕೂಗಾಟ ಕೇಳಿ ಆ ಮನೆಯ ಅಜ್ಜಿ ಹೊರಗೆ ಬಂದರು. ಎಪ್ಪತ್ತರ ಆಸುಪಾಸು, ಸಣ್ಣ ಮೈ, ಎಲೆ ಅಡಿಕೆಯಿಂದ ಕೆಂಪಾದ ಬಾಯಿ. ಆ ಕಲ್ಲು ಅವರ ಮನೆತನದ್ದು. ಮಾರನವಮಿಯಲ್ಲಿ ಅದಕ್ಕೆ ಎಡೆ ಇಡುವವರು ಇವರೇ. ಇಬ್ಬರು ಗಂಡುಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು ತುಂಬಿದ ಮನೆ. ಆದರೂ ಕಲ್ಲಿನ ವಿಷಯದಲ್ಲಿ ಅಜ್ಜಿಯ ಮಾತೇ ಮಾತು ಎಂದು ಆಯಾ ಮೊದಲೇ ಹೇಳಿದ್ದಳು.

"ಸುಣ್ಣ ಯಾಕೆ ಬಳೀತೀರಾ ಅಜ್ಜಿ? ಅಕ್ಷರ ಎಲ್ಲಾ ಮುಚ್ಚಿ ಹೋಗಿದೆ."

"ನಮ್ಮತ್ತೆ ಬಳೀತಿದ್ರು, ನಾನೂ ಬಳೀತೀನಿ," ಅಂದರು ಅಜ್ಜಿ. "ಈಗ್ಯಾಕೆ ಬಂದ್ರಿ ಟೀಚರಮ್ಮ? ಮಳೆ ಮುಗೀಲಿ. ದೀಪಾವಳಿ ಆದ್ಮೇಲೆ ಸಂಜೆ ಹೊತ್ತು ಬನ್ನಿ. ಆಗ ಅವ್ನು ಎದ್ದೇಳ್ತಾನೆ."

ನಾನು ಆಯಾಳ ಮುಖ ನೋಡಿ ನಕ್ಕೆ. ಕಲ್ಲಿನಲ್ಲಿರುವವನು ಎದ್ದೇಳುತ್ತಾನಂತೆ, ಅದೂ ದೀಪಾವಳಿ ಆದ ಮೇಲೆ! ಅಜ್ಜಿಗೆ ಸಮಾಧಾನವಾಗಿ ಹೇಳಿದೆ: "ಸುಣ್ಣ ತೆಗೆಯೋಕೆ ಬಿಡಿ ಅಜ್ಜಿ. ಓದಿ ಹೇಳ್ತೀನಿ. ಅವನ ಹೆಸರು ಅದರಲ್ಲಿ ಇದ್ದೇ ಇರುತ್ತೆ."

ಅಜ್ಜಿ ಜಗಿಯುವುದನ್ನು ನಿಲ್ಲಿಸಿದರು.

"ಹೆಸ್ರು ಓದ್ತೀರಾ?"

"ಓದ್ತೀನಿ."

"ಬಾಯ್ಬಿಟ್ಟು ಹೇಳ್ತೀರಾ? ಜೋರಾಗಿ?"

ಆ ಪ್ರಶ್ನೆ ನನಗೆ ತಮಾಷೆಯಾಗಿ ಕಂಡಿತು. ಟೀಚರ್ ಅಲ್ಲವೇ, ಜೋರಾಗಿ ಹೇಳದೆ ಇನ್ನೇನು? "ಇಡೀ ಊರಿಗೆ ಕೇಳಿಸೋ ಹಾಗೆ ಹೇಳ್ತೀನಿ," ಅಂದೆ. ಅಜ್ಜಿ ಕಲ್ಲಿನ ಮೇಲೆ ಉದುರಿದ್ದ ಹುಣಸೆ ಎಲೆಗಳನ್ನು ಸೆರಗಿನಿಂದ ಕೊಡವಿದರು. ಕೊನೆಗೆ, "ಆಯ್ತು, ತೆಗೀರಿ," ಅಂದರು. ಅಷ್ಟು ಸುಲಭವಾಗಿ ಹೇಗೆ ಒಪ್ಪಿದರು ಎಂದು ಆಗ ನಾನು ಕೇಳಿಕೊಳ್ಳಲೇ ಇಲ್ಲ.

ಎರಡು ದಿನ ಕೂತು ತಂತಿಯ ಬ್ರಷ್ಷಿನಲ್ಲಿ ಉಜ್ಜಿದೆ. ಎಷ್ಟೋ ವರ್ಷದ ಸುಣ್ಣ ಪದರ ಪದರವಾಗಿ ಉದುರಿತು. ಮೊದಲು ಕಂಡದ್ದು ಒಂದು ಕೊಂಬು. ಆಮೇಲೆ ಹಸುವಿನ ಕಿವಿ, ಅದರ ಪಕ್ಕ ಇನ್ನೊಂದು, ಇನ್ನೊಂದು. ಆಮೇಲೆ ಅವನ ಮಂಡಿ, ಸೊಂಟದ ಕಠಾರಿ, ಎತ್ತಿದ ಕೈ. ಅವನ ತಲೆಯ ಮೇಲಿನ ಪಟ್ಟಿಯಲ್ಲಿ "ಸ್ವಸ್ತಿ ಶ್ರೀ" ಎಂದು ಕಂಡಾಗ ಬ್ರಷ್ಷು ಕೆಳಗಿಟ್ಟೆ. ಪುಸ್ತಕದಲ್ಲಿ ನೂರು ಸಲ ಓದಿದ್ದ ಮಾತೇ. ಆದರೆ ಈ ಕಲ್ಲಿನ ಮೇಲೆ ಅದನ್ನು ನನಗಿಂತ ಮೊದಲು ಓದಿದವರು ಸತ್ತು ಯಾವ ಕಾಲವಾಯಿತೋ! ಉಳಿ ಹಿಡಿದವನು ಆ "ಶ್ರೀ"ಯ ಬಾಲವನ್ನು ಸ್ವಲ್ಪ ಜಾಸ್ತಿ ಎಳೆದಿದ್ದ. ಜಾಗ ಸಾಲದೆ ಮುಂದಿನ ಅಕ್ಷರವನ್ನು ಒತ್ತಿ ಕೆತ್ತಿದ್ದ. ನಮ್ಮ ಮಕ್ಕಳು ಕಾಪಿ ಪುಸ್ತಕದಲ್ಲಿ ಮಾಡುವ ತಪ್ಪೇ. ಅದನ್ನು ನೋಡಿ ಅವನು ನನಗೆ ತೀರಾ ಹತ್ತಿರದವನು ಅನ್ನಿಸಿ ಕಣ್ಣಲ್ಲಿ ನೀರು ಬಂತು.

ಎರಡನೆಯ ಸಾಲಿನಲ್ಲಿ ಹೆಸರು. ಅದು ಮಾತ್ರ ಬಗ್ಗಲಿಲ್ಲ. ಮೊದಲನೆಯ ಅಕ್ಷರ ಸ್ಪಷ್ಟ, ಕೊನೆಯದೂ ಸ್ಪಷ್ಟ, ನಡುವೆ ಮಸುಕು. ಅಕ್ಷರಗಳಿಗೆ ಸೀಮೆಸುಣ್ಣ ತುಂಬಿದೆ, ಒರೆಸಿದೆ, ಮತ್ತೆ ತುಂಬಿದೆ. ಕಂಡಷ್ಟನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮೂರನೆಯ ಸಾಲು ಸುಲಭವಾಗಿತ್ತು: ತುಱುಗಳನ್ನು ಬಿಡಿಸಿ ತಂದು ಸತ್ತ. ತುಱು ಅಂದರೆ ಹಸು. ಈಗ ಆ ಪದವೂ ಇಲ್ಲ, ಆ ಱ ಅಕ್ಷರವೂ ಇಲ್ಲ. ಅಜ್ಜಿಗೆ ಓದಿ ಹೇಳಿದೆ. "ಅದು ಗೊತ್ತಲ್ಲ. ಹೆಸ್ರು?" ಅಂದರು. "ಇನ್ನೊಂದು ವಾರ ಕೊಡಿ ಅಜ್ಜಿ, ಬಿಡಿಸ್ತೀನಿ," ಅಂದೆ.

ಆ ಒಂದು ವಾರ ಬರಲೇ ಇಲ್ಲ. ಅದಕ್ಕಿಂತ ರುಚಿಯಾದ ಕೆಲಸವೊಂದು ಸಿಕ್ಕಿತ್ತು: ಜನರಿಗೆ ತೋರಿಸುವುದು.

ವಾರಪತ್ರಿಕೆಯೊಂದಕ್ಕೆ ಅರ್ಧ ಪುಟ ಬರೆದು ಕಳಿಸಿದೆ, ಅಚ್ಚಾಯಿತು. ಸ್ಕೂಲು ತೆರೆದ ಮೇಲೆ ಪ್ರತಿ ಭಾನುವಾರ ಬೆಳಿಗ್ಗೆ ಬನಶಂಕರಿ ದೇವಸ್ಥಾನದ ಹತ್ತಿರ ಜನ ಸೇರುತ್ತಿದ್ದರು. ಮೊದಲ ವಾರ ಹನ್ನೆರಡು ಮಂದಿ, ಆಮೇಲೆ ಇಪ್ಪತ್ತು, ಆಮೇಲೆ ನಲವತ್ತು. ಬ್ಯಾಂಕಿನವರು, ನಮ್ಮ ಸಹೋದ್ಯೋಗಿಗಳು, ಮೂರನೇ ಬ್ಲಾಕಿನ ಒಬ್ಬ ರಿಟೈರ್ಡ್ ಇಂಜಿನಿಯರ್, ಮಕ್ಕಳು ಮರಿ, ಪುಳಿಯೋಗರೆ ಡಬ್ಬಿ, ಜಮಖಾನ. ನಾನು ಮುಂದೆ ಮುಂದೆ, ಎಲ್ಲರೂ ಹಿಂದೆ. ಕಲ್ಲಿನ ಮುಂದೆ ನಿಂತು ಭಾಷಣ ಮಾಡುವಾಗ ನನ್ನ ಗಂಟಲು ತಾನಾಗಿ ದೊಡ್ಡದಾಗುತ್ತಿತ್ತು.

ಬಂದವರೆಲ್ಲ ಒಳ್ಳೆಯವರೇ. ಪ್ರೀತಿಯಿಂದಲೇ ಬಂದವರು. ಒಬ್ಬರು ಅಕ್ಷರದ ಮೇಲೆ ಬೆರಳಾಡಿಸಿ ಕಣ್ಣಿಗೆ ಒತ್ತಿಕೊಂಡರು. ಅದನ್ನು ನೋಡಿ ಉಳಿದವರೂ ಒತ್ತಿಕೊಂಡರು. ಇನ್ನೊಬ್ಬರು ಕೊಬ್ಬರಿ ಎಣ್ಣೆ ಸವರಿದರು, ಫೋಟೋದಲ್ಲಿ ಚೆನ್ನಾಗಿ ಬರುತ್ತೆ ಎಂದು. ಮಕ್ಕಳಿಗೆ ಕಾಗದ ಇಟ್ಟು ಪೆನ್ಸಿಲ್ಲಿನಲ್ಲಿ ಉಜ್ಜಿ ಅಚ್ಚು ತೆಗೆಯುವುದನ್ನು ಸ್ವತಃ ನಾನೇ ಕಲಿಸಿದೆ. ಇಂಜಿನಿಯರರು ಪ್ರತಿ ವಾರ ಸೀಮೆಸುಣ್ಣ ತಂದು ಅಕ್ಷರ ತಿದ್ದುತ್ತಿದ್ದರು. ತಿದ್ದುವ ಮೊದಲು ಹಳೆಯದನ್ನು ಒದ್ದೆ ಬಟ್ಟೆಯಿಂದ ತಿಕ್ಕಿ ತೊಳೆಯುತ್ತಿದ್ದರು. ಅಜ್ಜಿ ಹಿತ್ತಲ ಬಾಗಿಲಲ್ಲಿ ಕೂತು ನೋಡುತ್ತಿದ್ದರು. ಹೊರಡುವಾಗ ಪ್ರತಿ ಸಲ ಒಂದೇ ಪ್ರಶ್ನೆ: "ಹೆಸ್ರು ಸಿಕ್ತಾ?" ಪ್ರತಿ ಸಲ ನನ್ನದೊಂದೇ ಉತ್ತರ: "ಮುಂದಿನ ವಾರ ಅಜ್ಜಿ."

ಆಷಾಢದಲ್ಲಿ ಒಂದು ವಾರ ಎಡೆಬಿಡದೆ ಮಳೆ ಹೊಡೆಯಿತು. ಆ ಭಾನುವಾರ ಹೋಗಲಾಗಲಿಲ್ಲ. ಮುಂದಿನ ಭಾನುವಾರ ಬಿಸಿಲು ಬಂತು, ಹೋದೆವು. ಇಂಜಿನಿಯರರು ಒರೆಸುವ ಬಟ್ಟೆ ಒದ್ದೆ ಮಾಡಿಕೊಂಡು ಮುಂದೆ ಹೋದವರು ಹಾಗೇ ನಿಂತುಬಿಟ್ಟರು.

"ಮೇಡಂ, ಇಲ್ಲಿ ನೋಡಿ."

ಎರಡನೆಯ ಸಾಲು ಇರಲಿಲ್ಲ. ಅಂಗೈ ಅಗಲದ ಒಂದು ಪದರ ಕಲ್ಲಿನಿಂದ ಎದ್ದು ಬಿದ್ದುಹೋಗಿತ್ತು. ಅದರ ಜಾಗದಲ್ಲಿ ಈಗಷ್ಟೇ ಗಾಯವಾದಂಥ ತಿಳಿ ಬಣ್ಣ. ಕೆಳಗೆ ಕೆಸರಿನಲ್ಲಿ ಹುಡುಕಿದೆ. ಬೆರಳುಗುರಿನಷ್ಟಷ್ಟು ಚೂರುಗಳು ಸಿಕ್ಕವು, ಕೆಲವು ನಮ್ಮದೇ ಚಪ್ಪಲಿಯಡಿ ಪುಡಿಯಾದಂಥವು. ಒಂದರ ಮೇಲೂ ಅಕ್ಷರವಿಲ್ಲ. ಸಾವಿರ ವರ್ಷಕ್ಕೆ ಹತ್ತಿರ ಮಳೆ ಬಿಸಿಲಿನಲ್ಲಿ ನಿಂತವನ ಹೆಸರನ್ನು ನಾನು ಮೂರು ತಿಂಗಳಲ್ಲಿ ಅಳಿಸಿದ್ದೆ. ಅಲ್ಲೇ ಕೆಸರಲ್ಲಿ ಕೂತೆ. ಯಾರೋ ಮೆಲ್ಲಗೆ ಪುಳಿಯೋಗರೆ ಡಬ್ಬಿಯ ಮುಚ್ಚಳ ಹಾಕಿದರು.

ಅವರನ್ನೆಲ್ಲ ಬಸ್ಸಿಗೆ ಕಳಿಸಿ ಅಜ್ಜಿಯ ಹತ್ತಿರ ಹೋದೆ. ಏನು ಹೇಳಬೇಕು ಎಂದು ದಾರಿಯಲ್ಲಿ ಜೋಡಿಸಿಕೊಂಡ ಮಾತೆಲ್ಲ ಮರೆತುಹೋಯಿತು. "ಹೆಸರು ಹೋಯ್ತು ಅಜ್ಜಿ, ನನ್ನಿಂದ ಹೋಯ್ತು," ಎಂದು ಅತ್ತೆ. ಹಿರಿಯ ಮಗ ಅಲ್ಲೇ ಇದ್ದರು. ಮುಖ ಕೆಂಪು ಮಾಡಿಕೊಂಡು, "ಅದಕ್ಕೇ ಹೇಳಿದ್ದು, ಈ ಸಿಟಿಯವ್ರ ಸಾವಾಸ ಬೇಡ ಅಂತ! ಇನ್ಮೇಲೆ ಒಬ್ರೂ ಈ ಹಿತ್ಲಿಗೆ ಕಾಲಿಡ್ಬಾರ್ದು," ಅಂದರು. ಅವರು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.

ಅಜ್ಜಿ ಮಗನನ್ನು ಹೊರಗೆ ಕಳಿಸಿದರು. ನನ್ನ ಕೈಗೆ ಒಂದು ಲೋಟ ನೀರು ಕೊಟ್ಟು ಎದುರಿಗೆ ಕೂತರು.

"ಆ ಕಲ್ಲು ಈರುಳ್ಳಿ ಇದ್ದಂಗೆ ಟೀಚರಮ್ಮ. ಸಿಪ್ಪೆ ಬಿಡ್ತದೆ. ಸುಣ್ಣ ಬಳಿದ್ರೆ ಮಳೆ ಸುಣ್ಣಾನ ತಿಂತದೆ. ಬಳೀದಿದ್ರೆ ಕಲ್ಲನ್ನ ತಿಂತದೆ."

ಈಗ ಅರ್ಥವಾಯಿತು. ಪ್ರತಿ ವರ್ಷ ಮಳೆಗೆ ಮುಂಚೆ ಒಂದು ಪದರ ಸುಣ್ಣ. ಮಳೆಗಾಲ ಅದನ್ನು ಸವೆಸಿಕೊಂಡು ಹೋಗಲಿ, ಕಲ್ಲಿನ ತಂಟೆಗೆ ಬರದಿರಲಿ. ಅಜ್ಜಿಗಿಂತ ಮುಂಚೆ ಅವರ ಅತ್ತೆ, ಅವರಿಗಿಂತ ಮುಂಚೆ ಅವರ ಅತ್ತೆ. ಎಷ್ಟು ಸೊಸೆಯರು, ಎಷ್ಟು ಯುಗಾದಿ! ನಾನು ಕೊಳೆ ಎಂದು ಉಜ್ಜಿ ತೆಗೆದದ್ದು ಅವರೆಲ್ಲರ ಕೆಲಸವನ್ನು.

"ಮೊದಲೇ ಯಾಕೆ ಹೇಳಲಿಲ್ಲ ಅಜ್ಜಿ?"

"ಹೇಳಿದ್ರೆ ಕೇಳ್ತಿದ್ರಾ?" ಎಂದು ಅಜ್ಜಿ ನಕ್ಕರು. ಆಮೇಲೆ ನಗು ನಿಲ್ಲಿಸಿ, "ನಂದೂ ತಪ್ಪೈತೆ. ನಂಗೆ ಹೆಸ್ರು ಕೇಳ್ಬೇಕಾಗಿತ್ತು. ಆಸೆಗೆ ಬಿಟ್ಬಿಟ್ಟೆ," ಅಂದರು.

ಎದ್ದು ಒಳಗೆ ಹೋಗಿ, ದೇವರ ಗೂಡಿನ ಹಿಂದಿನಿಂದ ಒಂದು ಹಳೆಯ ರೇಷನ್ ಕಾರ್ಡು ತಂದರು. ಮಡಿಕೆಯಲ್ಲಿ ಹರಿದದ್ದನ್ನು ನೂಲು ಹಾಕಿ ಹೊಲಿದಿದ್ದರು. ಯಜಮಾನರ ಹೆಸರು ಬರೆಯುವ ಸಾಲಿನ ಮೇಲೆ ಬೆರಳಿಟ್ಟು ನನ್ನತ್ತ ತಳ್ಳಿದರು. ಬಾಯಿ ಮಾತ್ರ ಬಿಡಲಿಲ್ಲ. ಆಗ ನನಗೆ ಹೊಳೆಯಿತು. ಅದು ಅವರ ಗಂಡನ ಹೆಸರು. ನಮ್ಮಜ್ಜಿಯೂ ಸಾಯುವವರೆಗೆ ತಾತನ ಹೆಸರು ಹೇಳಲಿಲ್ಲ. ಯಾರಾದರೂ ಕೇಳಿದರೆ ನಮ್ಮನ್ನು ಕರೆದು ನಮ್ಮ ಬಾಯಿಂದ ಹೇಳಿಸುತ್ತಿದ್ದಳು.

"ಕಲ್ಲಲ್ಲಿರೋದು ನನ್ನ ಹೆಸ್ರೇ ಕಣೇ ಅಂತಿದ್ರು ಅವ್ರು," ಅಂದರು ಅಜ್ಜಿ. "ಈ ಮನೇಲಿ ತಾತನ ಹೆಸ್ರು ಮೊಮ್ಮಗನಿಗೆ, ಅವನ ಹೆಸ್ರು ಅವನ ಮೊಮ್ಮಗನಿಗೆ, ಹಂಗೇ ಬಂದದ್ದಂತೆ. ನಿಜಾನೋ, ನನ್ನ ಆಟ ಆಡ್ಸೋಕೆ ಅಂದ್ರೋ, ಗೊತ್ತಿಲ್ಲ. ನಾನಂತೂ ಹೇಳಂಗಿಲ್ಲ. ಮಕ್ಕಳು ಅಪ್ಪನ ಹೆಸ್ರು ಹೇಳಲ್ಲ. ಮೊಮ್ಮಕ್ಕಳಿಗೆ ಇಡ್ರೋ ಅಂದ್ರೆ ಹಳೇ ಹೆಸ್ರು ಬೇಡ ಅಂತ ಸಿನಿಮಾ ಹೆಸ್ರಿಟ್ರು. ಬಾಯ್ತುಂಬ ಕರೀತಿದ್ದೋರು ನಮ್ಮತ್ತೆ ಒಬ್ರೇ. ಅವ್ರು ಹೋದ್ಮೇಲೆ ಆ ಹೆಸ್ರನ್ನ ಈ ಹಿತ್ಲಲ್ಲಿ ಯಾರೂ ಅಂದಿಲ್ಲ."

ನಾನು ಚೀಲದಿಂದ ನೋಟ್‌ಬುಕ್ಕು ತೆಗೆದೆ. ಬರೆದುಕೊಂಡ ಮೊದಲಕ್ಷರವನ್ನು ಕಾರ್ಡಿನ ಪಕ್ಕ ಇಟ್ಟೆ. ಅದೇ. ಕೊನೆಯ ಅಕ್ಷರ? ಅದೂ ಅದೇ. ನಡುವಿನ ಮಸುಕಿನಲ್ಲಿ ನಾನು ಎಣಿಸಿಟ್ಟಿದ್ದ ಅಕ್ಷರಗಳು ಎರಡು, ಕಾರ್ಡಿನಲ್ಲಿಯೂ ಎರಡು. ಪರೀಕ್ಷೆಯಲ್ಲಿ ಇಷ್ಟನ್ನೇ ಸಾಕ್ಷ್ಯವೆಂದು ಬರೆದಿದ್ದರೆ ನಮ್ಮ ಪ್ರೊಫೆಸರು ಮಾರ್ಕು ಕೊಡುತ್ತಿರಲಿಲ್ಲ. ಆದರೆ ನನಗೆ ಅಷ್ಟು ಸಾಕಾಗಿತ್ತು. ನಾನು ಕಲ್ಲಿನಲ್ಲಿ ಹುಡುಕುತ್ತಿದ್ದ ಹೆಸರು ಈ ಮನೆಯಲ್ಲಿ ಊಟ ಮಾಡಿ, ಹೊಲ ಉತ್ತು, ಹೆಂಡತಿಯನ್ನು ಆಟವಾಡಿಸಿಕೊಂಡು ಮೊನ್ನೆ ಮೊನ್ನೆಯವರೆಗೆ ಓಡಾಡಿಕೊಂಡಿತ್ತು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅಜ್ಜಿ ಬಾಯಲ್ಲಿ ಹೇಳದೆ ಕಾದಿಟ್ಟದ್ದು. ಕೇಳಬೇಕಾದವರು ಆ ಕಲ್ಲಿನ ಮುಂದೆಯೇ ನಿಂತು ಕೇಳಬೇಕು.

ಅಲ್ಲೇ ಓದಿಬಿಡಲೇ ಎಂದು ಕೇಳಿದೆ. ಅಜ್ಜಿ ಬೇಡ ಎಂದು ತಲೆಯಾಡಿಸಿದರು. "ಇಲ್ಲಲ್ಲ. ಅವನೆದುರಿಗೆ. ಅವ್ನು ಎದ್ದಾಗ."

ಮಳೆ ಬಿಡುವು ಕೊಟ್ಟ ದಿನ ನಾನೇ ಸುಣ್ಣ ಬಳಿದೆ. ಅಜ್ಜಿ ಮಡಕೆಯಲ್ಲಿ ಸುಣ್ಣದ ಕಲ್ಲು ಹಾಕಿ ನೀರು ಹೊಯ್ದರು. ಅದು ಕೊತಕೊತ ಕುದಿಯಿತು. ಆರಿದ ಮೇಲೆ ಹಳೇ ಸೀರೆಯ ತುಂಡಿನಲ್ಲಿ ಸೋಸಿ, ಕತ್ತಾಳೆ ನಾರಿನ ಕುಂಚ ಕೊಟ್ಟರು. "ತಿಕ್ಬೇಡಿ. ಮಗೂಗೆ ಎಣ್ಣೆ ಸವರ್ದಂಗೆ," ಅಂದರು. ಗಾಯದ ಜಾಗದಲ್ಲಿ ಎರಡು ಸಲ ಬಳಿಸಿದರು. ನನ್ನ ಬೆರಳು ಬೆಂದು ಗುಳ್ಳೆ ಎದ್ದಿತು. ಹದಿನೈದು ದಿನ ಬೋರ್ಡಿನ ಮೇಲೆ ಬರೆಯಲಾಗಲಿಲ್ಲ. ಮಕ್ಕಳು ಏನಾಯ್ತು ಮಿಸ್ ಅಂದರೆ, ಪಾಠ ಕಲಿತೆ ಅನ್ನುತ್ತಿದ್ದೆ.

ಮಗನ ಸಿಟ್ಟು ಇಳಿದದ್ದು ಅಜ್ಜಿ ಮಾಡಿದ ಕಟ್ಟಳೆಗಳಿಂದ. ಜನ ಬರುವುದು ದೀಪಾವಳಿಯಿಂದ ಶಿವರಾತ್ರಿಯವರೆಗೆ ಮಾತ್ರ. ತಿಂಗಳಿಗೆ ಒಂದೇ ಭಾನುವಾರ, ಸಂಜೆ. ಹತ್ತು ಜನ, ಹನ್ನೊಂದನೆಯವರು ಮುಂದಿನ ತಿಂಗಳು. ಚಪ್ಪಲಿ ಬೇಲಿಯಾಚೆ, ತಿಂಡಿ ಡಬ್ಬಿ ಮನೆಯಲ್ಲೇ. ಮರದ ಬುಡದಲ್ಲಿ ಹಗ್ಗ ಕಟ್ಟಿದ್ದರು, ಅದನ್ನು ದಾಟುವಂತಿಲ್ಲ. "ನೋಡೋದು ಕಣ್ಣಲ್ಲಿ. ಕೈ ಬೆನ್ನಿಂದೆ ಕಟ್ಕಳಿ," ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ನಮ್ಮ ಇಂಜಿನಿಯರರೂ ಸ್ಕೂಲು ಹುಡುಗನಂತೆ ಕೈ ಕಟ್ಟಿ ನಿಲ್ಲುತ್ತಿದ್ದರು. ಎಂಬತ್ತರ ದಶಕದ ನಡುವಿನವರೆಗೆ, ಸುತ್ತ ಹೊಲ ಹೋಗಿ ಮನೆಗಳೆದ್ದ ಮೇಲೂ, ಆ ಹಗ್ಗ ಹಾಗೇ ಇತ್ತು. ಪ್ರತಿ ಯುಗಾದಿಗೆ ಸುಣ್ಣ ಬಳಿಯಲು ನಾನೂ ಹೋಗುತ್ತಿದ್ದೆ. ಆ ವರ್ಷಗಳಲ್ಲಿ ಇನ್ನೊಂದು ಚೂರೂ ಬೀಳಲಿಲ್ಲ.

ಮೊದಲ ಸಂಜೆಯ ಮಾತು ಹೇಳಿ ಮುಗಿಸುತ್ತೇನೆ. ದೀಪಾವಳಿ ಕಳೆದು ಎರಡು ವಾರವಾಗಿತ್ತು. ಐದು ಗಂಟೆಗೆ ಹತ್ತು ಜನ ಹಗ್ಗದ ಹಿಂದೆ ನಿಂತೆವು. ಎದುರಿಗೆ ಬಿಳಿ ಕಲ್ಲು, ಅಷ್ಟೇ. ಮಳೆಗೆ ಸುಣ್ಣ ತೆಳುವಾಗಿತ್ತು, ಆದರೂ ಬಿಳಿಯೇ. ಯಾರೋ ಗಡಿಯಾರ ನೋಡಿಕೊಂಡರು. ಸೂರ್ಯ ನೈಋತ್ಯಕ್ಕೆ ಇಳಿದು ಬಿಸಿಲು ಕಲ್ಲಿನ ಮೇಲೆ ಓರೆಯಾಗಿ, ಸವರಿದಂತೆ ಬಿತ್ತು. ಮೊದಲು ಕೊಂಬುಗಳ ಕೆಳಗೆ ನೆರಳು ಮೂಡಿತು. ಆಮೇಲೆ ಮಂಡಿ. ಆಮೇಲೆ ಎದೆ, ಎತ್ತಿದ ಕೈ, ಕತ್ತಿ. ಬಿಳಿಯೊಳಗಿಂದ ಬಿಳಿಯಾಗಿಯೇ ಒಬ್ಬ ಮನುಷ್ಯ ಎದ್ದು ನಿಂತ. ನಾನು ಬ್ರಷ್ಷಿನಲ್ಲಿ ಉಜ್ಜಿದಾಗ, ಸೀಮೆಸುಣ್ಣ ತುಂಬಿದಾಗ ಕಾಣದಿದ್ದ ಗೆರೆಗಳೆಲ್ಲ ಕಂಡವು. ಅವನ ಹುಬ್ಬು ಕಂಡಿತು. ಅವನ ಕಡೆಗೆ ಕತ್ತು ತಿರುಗಿಸಿದ ಒಂದು ಕರು ಕಂಡಿತು. ಅಂಥ ಕರುವೊಂದಿದೆ ಎಂದೇ ನನಗೆ ಗೊತ್ತಿರಲಿಲ್ಲ.

"ಎದ್ದ. ಓದಿ," ಅಂದರು ಅಜ್ಜಿ.

ನನ್ನ ಗಂಟಲು ಈ ಸಲ ದೊಡ್ಡದಾಗಲಿಲ್ಲ. ಸ್ವಸ್ತಿ ಶ್ರೀ ಎಂದು ಶುರು ಮಾಡಿದೆ. ಮೊದಲ ಸಾಲು ಮುಗಿಯಿತು. ಎರಡನೆಯ ಸಾಲಿನ ಜಾಗದಲ್ಲಿ ಅಂಗೈ ಅಗಲದ ನುಣುಪು, ಅಲ್ಲಿ ನೆರಳು ಬೀಳಲಿಲ್ಲ. ಅಲ್ಲಿಗೆ ಬಂದಾಗ ಅಜ್ಜಿಯ ಕಡೆ ನೋಡಿದೆ. ಆಮೇಲೆ ಕೊಟ್ಟ ಮಾತಿನಂತೆ, ಇಡೀ ಹಿತ್ತಲಿಗೆ ಕೇಳುವ ಹಾಗೆ, ಬಾಯಿ ಬಿಟ್ಟು ಆ ಹೆಸರು ಹೇಳಿದೆ.

ಅಜ್ಜಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಹೊರಗಿನಿಂದ ಗಂಡ ಬಂದಾಗ ಹೊಸ ಸೊಸೆ ಮಾಡುವಂತೆ ಮುಖ ಪಕ್ಕಕ್ಕೆ ತಿರುಗಿಸಿದರು. ನಾನು ಮೂರನೆಯ ಸಾಲಿಗೆ ಹೋಗುವಷ್ಟರಲ್ಲಿ ನನ್ನ ತೋಳು ಹಿಡಿದರು. ಅಲ್ಲಿಯವರೆಗೆ ನನಗೆ 'ನೀವು' ಅನ್ನುತ್ತಿದ್ದವರು ಆಗ ಮೊದಲ ಸಲ ಬೇರೆ ದನಿಯಲ್ಲಿ ಮಾತಾಡಿದರು.

"ಇನ್ನೊಂದ್ಸಲ ಓದವ್ವ."

ಕಲ್ಲಿನ ಮೇಲೆ ಇಲ್ಲದ್ದನ್ನು ನಾನು ಇನ್ನೊಂದು ಸಲ ಓದಿದೆ.